ಮೋಸ ಮಾಡಿದವರು ಮೇಲೆ ಬಂದರೆ ನಾವೇನು ಮಾಡುವುದು? ದೇವರನ್ನು ನಂಬಿ ಸೇವೆಗೆ ಇಳಿಯುವವರಿಗೆ ಒಂದು ಮಾರ್ಗದರ್ಶಿ

ಮುಂಬೈಯ ಮಾಟುಂಗದ ಮದುವೆ ಊಟದಲ್ಲಿ, ಡೊಂಬಿವಲಿ ಲೋಕಲ್ ರೈಲಿನಲ್ಲಿ, ರಾತ್ರಿ ಹತ್ತರ ಮೇಲೆ ಬರುವ ಫೋನಿನಲ್ಲಿ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. "ಅವನು ಅಷ್ಟು ಜನರ ದುಡ್ಡು ನುಂಗಿ ಈಗ ಎರಡನೇ ಹೋಟೆಲ್ ತೆರೆದಿದ್ದಾನೆ. ನಾವು ದಿನಾ ದೀಪ ಹಚ್ಚುವವರು ಇನ್ನೂ ಬಾಡಿಗೆ ಖೋಲಿಯಲ್ಲಿದ್ದೇವೆ. ದೇವರು ಎಲ್ಲಿದ್ದಾನೆ ಮಾರಾಯ್ರೆ?"

ದೇವರು ಎಲ್ಲಿದ್ದಾನೆ ಎಂದು ಹೇಳುವಷ್ಟು ನಾನು ದೊಡ್ಡವನಲ್ಲ. ಆದರೆ ಈ ಪ್ರಶ್ನೆ ಹೊಟ್ಟೆಯೊಳಗೆ ಕೂತಾಗ ದಿನ ಹೇಗೆ ದೂಡಬೇಕು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಹೇಳಬಲ್ಲೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ.

ಬೇಕಾಗುವ ಸಾಮಾನು ಕಡಿಮೆ. ಒಂದು ನೂರು ಪುಟದ ನೋಟ್‌ಬುಕ್. ವಾರಕ್ಕೆ ಮೂರು ಗಂಟೆ ಬಿಡುವು. ನಿಮ್ಮ ಮಾತನ್ನು ಊರಿಗೆಲ್ಲ ಹಂಚದ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ. ದೇವರ ಮೇಲೆ ಪೂರ್ತಿ ನಂಬಿಕೆ ಇರಲೇಬೇಕಾ ಅಂದರೆ, ಬೇಡ. ಅರ್ಧ ಇದ್ದರೂ ಶುರು ಮಾಡಬಹುದು.

1. ಮೊದಲು ಬರೆಯಿರಿ, ಆಮೇಲೆ ಪಾಲು ಮಾಡಿ

ಆ ವ್ಯಕ್ತಿಯ ಬಗ್ಗೆ ನಿಮಗಿರುವ ಸಿಟ್ಟನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ. ಚೆಂದ ಮಾಡಿ ಬರೆಯಬೇಕಿಲ್ಲ. ಎರಡು ದಿನ ಬಿಟ್ಟು ಮತ್ತೆ ತೆರೆದು, ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ನಿಮಗೆ ನೇರವಾಗಿ ಆದ ಅನ್ಯಾಯಕ್ಕೆ 'ಅ'. ಬೇರೆಯವರಿಗೆ ಆದದ್ದಕ್ಕೆ 'ಬೇ'. ಬರೀ ಹೊಟ್ಟೆಕಿಚ್ಚಾದರೆ 'ಹೊ'.

ಈ ಮೂರನೇ ಗುರುತು ಹಾಕುವಾಗ ಕೈ ತಡೆಯುತ್ತದೆ. "ಅವರ ಮಗಳು ಅಮೆರಿಕಕ್ಕೆ ಹೋದಳು" ಎಂಬ ಸಾಲು ನನ್ನ ಪುಸ್ತಕದಲ್ಲೂ ಇತ್ತು. ಅದರಲ್ಲಿ ನನಗಾದ ಅನ್ಯಾಯ ಏನಿದೆ? ಆ ಹುಡುಗಿ ಓದಿದಳು, ಹೋದಳು, ಅಷ್ಟೇ. 'ಅ' ಮತ್ತು 'ಬೇ' ಸಾಲುಗಳು ಎರಡನೇ ಹಂತಕ್ಕೆ ಹೋಗಲಿ. 'ಹೊ' ಸಾಲುಗಳು ಮೂರನೆಯದಕ್ಕೆ.

2. ಕಾನೂನಿನ ಕೆಲಸವನ್ನು ದೇವರ ತಲೆಗೆ ಕಟ್ಟಬೇಡಿ

ಜನ ಜಾಸ್ತಿ ಎಡವುವುದು ಇಲ್ಲೇ. ನಾನೂ ಇಲ್ಲೇ ಬಿದ್ದೆ.

ಮುಂಬೈಯ ಹೋಟೆಲ್ ಕಸುಬಿನವರಿಗೆ 'ಕಂಡಕ್ಟಿಂಗ್' ಗೊತ್ತು. ಗೊತ್ತಿಲ್ಲದವರಿಗೆ: ಲೈಸೆನ್ಸ್ ಒಬ್ಬರ ಹೆಸರಲ್ಲಿ ಇರುತ್ತದೆ, ಡಿಪಾಸಿಟ್ ಕೊಟ್ಟು ತಿಂಗಳಿಗಿಷ್ಟು ಎಂದು ಕಟ್ಟಿ ಹೋಟೆಲ್ ನಡೆಸುವವರು ಇನ್ನೊಬ್ಬರು. ನಾನು ಹಾಗೆ ಒಂದು ಹೋಟೆಲ್ ನಡೆಸಿದೆ. ಬಿಡುವಾಗ ಡಿಪಾಸಿಟ್ ವಾಪಸ್ ಬರಲಿಲ್ಲ. "ದೇವರು ನೋಡಿಕೊಳ್ಳುತ್ತಾನೆ" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ವಕೀಲರ ಹತ್ತಿರ ಹೋಗುವಷ್ಟರಲ್ಲಿ ಮೂರು ವರ್ಷ ದಾಟಿತ್ತು. ಅವರು ಕಾಗದ ನೋಡಿ ಕನ್ನಡಕ ತೆಗೆದಿಟ್ಟರು. ನಾನು ನಂಬಿಕೆ ಎಂದುಕೊಂಡಿದ್ದು ಬರೀ ಸೋಮಾರಿತನ ಮತ್ತು ಕೋರ್ಟಿನ ಹೆದರಿಕೆ.

ಆದ್ದರಿಂದ ಈ ಕೆಳಗಿನವು ತಲೆಯಲ್ಲಿರಲಿ.

ಸಾಲ, ಡಿಪಾಸಿಟ್ ತರಹದ ಹಣ ವಸೂಲಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷದ ಗಡುವು. ಇದು 1963ರ ಲಿಮಿಟೇಷನ್ ಕಾಯ್ದೆಯ ಲೆಕ್ಕ. ಲಿಮಿಟೇಷನ್ ಅಂದರೆ ಕೋರ್ಟಿನ ಬಾಗಿಲು ನಿಮಗಾಗಿ ತೆರೆದಿರುವ ಕಾಲ. ಗಡುವು ಮುಗಿಯುವ ಮುಂಚೆ ಆ ವ್ಯಕ್ತಿ "ಇಷ್ಟು ಹಣ ಕೊಡುವುದು ಬಾಕಿ ಇದೆ" ಎಂದು ಬರೆದು ಸಹಿ ಹಾಕಿಕೊಟ್ಟರೆ ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಬಾಯಿಮಾತಿನ "ಕೊಡ್ತೇನೆ ಮಾರಾಯ, ಓಡಿಹೋಗ್ತೇನಾ?" ಸಾಲದು.

ಚೆಕ್ ಬೌನ್ಸ್ ಆದರೆ ಇನ್ನೂ ಅವಸರ ಬೇಕು. ಚೆಕ್ ವಾಪಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು. ನೋಟಿಸ್ ಅವರ ಕೈಸೇರಿದ ಮೇಲೆ ಹಣ ಕೊಡಲು 15 ದಿನ ಇರುತ್ತದೆ. ಕೊಡದಿದ್ದರೆ ಅದರ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ದಾಖಲಾಗಬೇಕು. "ನವರಾತ್ರಿ ಕಳೆಯಲಿ, ಆಮೇಲೆ ನೋಡೋಣ" ಎಂದವರ ಕೇಸುಗಳು ಹೀಗೇ ಕೈತಪ್ಪಿವೆ.

ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳೇ ಮುಖ್ಯ. ಭಿಶಿಯಲ್ಲಿ, ಅಂದರೆ ಪರಿಚಯದವರೇ ಸೇರಿ ತಿಂಗಳು ತಿಂಗಳು ಹಾಕುವ ಚೀಟಿಯಲ್ಲಿ, ಹಣ ಮುಳುಗಿದ್ದರೆ ಒಬ್ಬರೇ ಹೋಗಬೇಡಿ. ಸಿಕ್ಕಿಬಿದ್ದವರೆಲ್ಲ ಸೇರಿ, ಯಾರು ಯಾವ ತಾರೀಕಿಗೆ ಎಷ್ಟು ಕೊಟ್ಟರು ಎಂದು ಪಟ್ಟಿ ಮಾಡಿಕೊಂಡು ಪೊಲೀಸರ ಹತ್ತಿರ ಹೋಗಿ. ಠೇವಣಿದಾರರ ಹಿತಕ್ಕಾಗಿ ಮಹಾರಾಷ್ಟ್ರದಲ್ಲಿ 1999ರಿಂದಲೇ ಒಂದು ಪ್ರತ್ಯೇಕ ಕಾಯ್ದೆ ಇದೆ. ಅದನ್ನು ಎಂ.ಪಿ.ಐ.ಡಿ. ಎನ್ನುತ್ತಾರೆ. ನಿಮ್ಮ ಪ್ರಕರಣ ಅದರಡಿ ಬರುತ್ತದಾ ಎಂದು ವಕೀಲರನ್ನು ಕೇಳಿ.

ನೀವಿರುವ ಹೌಸಿಂಗ್ ಸೊಸೈಟಿಯ ಕಮಿಟಿಯವರು ದುಡ್ಡು ತಿನ್ನುತ್ತಿದ್ದಾರೆ ಎಂಬ ಗುಮಾನಿ ಇದ್ದರೆ ಕಟ್ಟೆ ಮೇಲೆ ಕೂತು ಮಾತಾಡಿ ಪ್ರಯೋಜನ ಇಲ್ಲ. ಆಡಿಟ್ ಆದ ಲೆಕ್ಕ ಮತ್ತು ಸಭೆಯ ನಡಾವಳಿ ನೋಡುವ ಹಕ್ಕು ಸದಸ್ಯರಿಗೆ ಇದೆ. ಬರಹದಲ್ಲಿ ಕೇಳಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ಕೊಡದಿದ್ದರೆ ನಿಮ್ಮ ವಾರ್ಡಿನ ಸಹಕಾರಿ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರ್ ಇದ್ದಾರೆ.

ವಕೀಲರಿಗೆ ಕೊಡಲು ಕಾಸಿಲ್ಲ ಎನ್ನುವವರು 15100ಕ್ಕೆ ಫೋನ್ ಮಾಡಿ. ಅದು ಉಚಿತ ಕಾನೂನು ನೆರವಿನ ಸಹಾಯವಾಣಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಪಡೆಯುವ ಹಕ್ಕಿದೆ. ನಮ್ಮ ಎಷ್ಟೋ ಅಕ್ಕಂದಿರಿಗೆ ಇದು ಗೊತ್ತೇ ಇಲ್ಲ.

ಇಷ್ಟು ಮಾಡಿದ ಮೇಲೂ ಗೆಲ್ಲದೆ ಹೋಗಬಹುದು. ಗೆದ್ದರೂ ಹತ್ತು ವರ್ಷ ಹಿಡಿಯಬಹುದು. ಆ ಹತ್ತು ವರ್ಷ ಬದುಕುವುದು ಹೇಗೆ ಎನ್ನುವುದೇ ಉಳಿದ ಹಂತಗಳ ವಿಷಯ.

3. ದೇವರ ಹತ್ತಿರ ಜಗಳ ಆಡಿ, ಆದರೆ ವ್ಯಾಪಾರ ಬೇಡ

ಪ್ರಾರ್ಥನೆಯಲ್ಲಿ ಸಭ್ಯತೆ ಬೇಕೇಬೇಕು ಎಂದು ನಮಗೆ ಯಾರು ಕಲಿಸಿದರೋ. ಹಳಬರು ಹಾಗಿರಲಿಲ್ಲ.

ನನ್ನ ಜೊತೆ ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಸೇವೆಗೆಂದು ಬರುವ ಕ್ರೈಸ್ತ ಅಕ್ಕ ಒಬ್ಬರು ತಮ್ಮ ಕನ್ನಡ ಬೈಬಲ್ ತೆರೆದು 'ಕೀರ್ತನೆಗಳು' ಭಾಗದ 73ನೆಯದನ್ನು ಓದಲು ಕೊಟ್ಟರು. ಆಸಾಫ ಎಂಬವನ ಹೆಸರಲ್ಲಿರುವ ಹಾಡು ಅದು. ಕೆಟ್ಟವರು ಕೊಬ್ಬಿದ್ದಾರೆ, ಅವರಿಗೆ ಕಷ್ಟವೇ ಇಲ್ಲ, ನಾನು ಮನಸ್ಸು ಶುದ್ಧವಾಗಿ ಇಟ್ಟುಕೊಂಡದ್ದು ದಂಡ ಆಯಿತಲ್ಲ ಎಂದು ಅವನು ನೇರವಾಗಿ ಹೇಳುತ್ತಾನೆ. ಅವರನ್ನು ನೋಡಿ ಹೊಟ್ಟೆಕಿಚ್ಚುಪಟ್ಟೆ ಎಂದೂ ಒಪ್ಪಿಕೊಳ್ಳುತ್ತಾನೆ. ದೇವರ ಆಲಯದೊಳಗೆ ಹೋಗುವವರೆಗೂ ಅವನಿಗೆ ಈ ವಿಷಯ ಬಗೆಹರಿಯುವುದಿಲ್ಲ. ನನಗೆ ಹಿಡಿಸಿದ್ದು ಇದು: ಅವನ ಕಣ್ಣೆದುರು ಒಬ್ಬ ಕೆಟ್ಟವನೂ ಬೀಳುವುದಿಲ್ಲ. ಬದಲಾಗುವುದು ಅವನು ನಿಂತ ಜಾಗ ಮಾತ್ರ.

37ನೆಯ ಕೀರ್ತನೆಯನ್ನೂ ಓದಿ. ಕೆಟ್ಟವರನ್ನು ನೋಡಿ ಉರಿದುಕೊಳ್ಳಬೇಡ, ದೇವರನ್ನು ನಂಬಿ ಒಳ್ಳೆಯದನ್ನು ಮಾಡು ಎಂದು ಶುರುವಾಗುತ್ತದೆ. ಸಾಲ ತೆಗೆದುಕೊಂಡು ತೀರಿಸದವನ ಮಾತೂ ಅದರಲ್ಲಿದೆ, ನಮ್ಮ ಹೋಟೆಲ್ ಲೈನನ್ನು ನೋಡಿದವರೇ ಬರೆದ ಹಾಗೆ. ಒಂದು ಸಾಲನ್ನು ಮಾತ್ರ ನನಗೆ ಒಪ್ಪಲು ಆಗಿಲ್ಲ. ನೀತಿವಂತನು ಕೈಬಿಡಲ್ಪಟ್ಟದ್ದನ್ನು ತಾನು ಮುದುಕನಾಗುವವರೆಗೂ ನೋಡಿಲ್ಲ ಎನ್ನುತ್ತಾನೆ ಕವಿ. ನಾನು ನೋಡಿದ್ದೇನೆ, ಪರೇಲ್‌ನ ಫುಟ್‌ಪಾತ್ ಮೇಲೆ. ಅಕ್ಕನಿಗೆ ಹೀಗೆ ಹೇಳಿದೆ. "ಹಾಗಾದರೆ ನೀವು ಆ ಫುಟ್‌ಪಾತಿಗೆ ಹೋಗಿ ನಿಲ್ಲಿ, ಅವರ ಕೈಬಿಡದಂತೆ ನೋಡಿಕೊಳ್ಳಿ" ಎಂದರು.

ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಕೇಳುವುದೂ ಇದನ್ನೇ. ಧರ್ಮ ಬಿಡದ ನಮಗೆ ಕಾಡು, ಮೋಸ ಮಾಡಿದವರಿಗೆ ರಾಜ್ಯ, ಇದೆಂಥ ವಿಧಾತನ ನ್ಯಾಯ ಎಂದು. ಧರ್ಮರಾಯ ಕೊಡುವ ಉತ್ತರ ಸ್ವಲ್ಪ ಒರಟು. ನಾನು ಫಲ ನೋಡಿ ಧರ್ಮ ಮಾಡುವವನಲ್ಲ, ಕೊಡಬೇಕು ಎಂದು ಕೊಡುತ್ತೇನೆ. ಧರ್ಮವನ್ನು ವ್ಯಾಪಾರಕ್ಕಿಟ್ಟವನು ಕೀಳು ಎನ್ನುತ್ತಾನೆ. ದ್ರೌಪದಿಗೆ ಇದರಿಂದ ಸಮಾಧಾನ ಆಯಿತು ಎಂದು ನನಗಂತೂ ಅನ್ನಿಸುವುದಿಲ್ಲ. ಆದರೆ 'ವ್ಯಾಪಾರ' ಎಂಬ ಆ ಮಾತನ್ನು ಹಿಡಿದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾಡುವ ಕ್ರಮ: ರಾತ್ರಿ ಹತ್ತು ನಿಮಿಷ ಕೂತು, ನೋಟ್‌ಬುಕ್‌ನ 'ಹೊ' ಸಾಲುಗಳನ್ನು ದೇವರ ಮುಂದೆ ಜೋರಾಗಿ ಓದಿ. ಯಾವ ದೇವರು ಎಂಬುದು ನಿಮ್ಮ ಮನೆಯ ವಿಷಯ. ಓದಿ ಮುಗಿಸಿ, ಪುಸ್ತಕ ಮುಚ್ಚಿ, ಮಲಗಿ.

ಎಚ್ಚರಿಕೆ: ಊರಿನ ದೈವಕ್ಕೆ ದೂರು ಕೊಟ್ಟು "ಅವನಿಗೆ ತೋರಿಸಿಕೊಡು, ಇಷ್ಟು ಕೊಡುತ್ತೇನೆ" ಎಂದು ಹರಕೆ ಹೊರುವವರಿದ್ದಾರೆ. ಬೇಡ. ಆಮೇಲೆ ಅವರ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ ನಿಮಗೆ ಒಳಗೊಳಗೇ ಖುಷಿಯಾಗುತ್ತದೆ. ಆ ಖುಷಿಯನ್ನು ಇಟ್ಟುಕೊಂಡು ಯಾವ ಗುಡಿಗೆ ಹೋಗುತ್ತೀರಿ?

4. ಅವರ ಸ್ಟೇಟಸ್ ಮ್ಯೂಟ್ ಮಾಡಿ

ಇದಕ್ಕೆ ಎರಡು ನಿಮಿಷ ಸಾಕು. ವಾಟ್ಸಾಪ್, ಫೇಸ್‌ಬುಕ್ ಎರಡರಲ್ಲೂ. "ಅವನ ಹೊಸ ಕಾರು ನೋಡಿದ್ರಾ?" ಎಂದು ಸುದ್ದಿ ತರುವವರಿಗೂ ನಯವಾಗಿ ಸಾಕು ಎನ್ನಿ. ಕೇಸು ನಡೆಯುತ್ತಿದ್ದರೆ ಬೇಕಾದ ಮೆಸೇಜ್‌ಗಳನ್ನು ಮೊದಲು ತೆಗೆದಿಟ್ಟುಕೊಳ್ಳಿ. ಏನನ್ನೂ ಅಳಿಸಬೇಡಿ.

5. ಒಂದೇ ಸೇವೆ ಹಿಡಿಯಿರಿ, ವಾರ ತಪ್ಪಿಸಬೇಡಿ

ಏನೇನೋ ಮಾಡಲು ಹೋಗಬೇಡಿ. ನಿಮಗೆ ಏನು ಗೊತ್ತಿದೆಯೋ ಅದನ್ನೇ ಕೊಡಿ. ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದು ಕನ್ನಡ, ಹಿಂದಿ, ಮರಾಠಿ ಮೂರೂ. ಮುಂಬೈಯಲ್ಲಿ ಇದೇ ಒಂದು ಆಸ್ತಿ ಎಂದು ನನಗೆ ತಡವಾಗಿ ಹೊಳೆಯಿತು.

ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಶುರುವಾದದ್ದು. 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಕೈಕೆಳಗೆ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ದೇಶದ ಎಲ್ಲ ಕಡೆಯಿಂದ ಜನ ಬರುತ್ತಾರೆ. ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ, ಹುಬ್ಬಳ್ಳಿ ಕಡೆಯವರು ದಾದರ್ ರೈಲಿನಲ್ಲಿ ಬಂದು ಇಳಿಯುತ್ತಾರೆ. ಕೈಯಲ್ಲಿ ಊರಿನ ಡಾಕ್ಟರ ಚೀಟಿ, ಬಗಲಲ್ಲಿ ಬುತ್ತಿ ಗಂಟು. ಎಷ್ಟೋ ಜನರಿಗೆ ಹಿಂದಿ ಬರುವುದಿಲ್ಲ. ಸಂಜೆಯಾದರೆ ಪಕ್ಕದ ಫುಟ್‌ಪಾತ್‌ನಲ್ಲೇ ಚಾಪೆ ಹಾಸುವವರೂ ಇದ್ದಾರೆ.

ಹೇಗೆ ಶುರು ಮಾಡುವುದು?

ಮೊದಲು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಎಲ್ಲರೂ ಅದನ್ನು 'ಸೋಷಿಯಲ್ ವರ್ಕರ್' ಹತ್ತಿರ ಹೋಗುವುದು ಎನ್ನುತ್ತಾರೆ. ರೋಗಿಗಳ ವಸತಿ, ಧನಸಹಾಯ, ಸಲಹೆ ನೋಡುವ ಜಾಗ ಅದು. ನಿಮಗೆ ಬರುವ ಭಾಷೆ, ನಿಮಗೆ ಬಿಡುವಿರುವ ದಿನ ಹೇಳಿ, ಏನು ಬೇಕಾಗಿದೆ ಎಂದು ಅವರನ್ನೇ ಕೇಳಿ. ಅನುಮತಿ ಇಲ್ಲದೆ ವಾರ್ಡಿನೊಳಗೆ ತಿರುಗಬೇಡಿ.

ಹೊರಗೆ ಮಾಡುವ ಕೆಲಸವೂ ಬೇಕಾದಷ್ಟಿದೆ. ಜನರಲ್ ಮತ್ತು ಪ್ರೈವೇಟ್ ಎಂಬ ಎರಡು ವರ್ಗದ ನೋಂದಣಿಯ ವ್ಯತ್ಯಾಸ ತಿಳಿಯದೆ ಗೊಂದಲ ಆದವರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು. ಜೆರಾಕ್ಸ್ ಎಲ್ಲಿ ಮಾಡಿಸಬೇಕು ಎಂದು ತೋರಿಸುವುದು. ಟಾಟಾದವರದೇ ಖಾರಘರ್‌ನ ಕೇಂದ್ರಕ್ಕೆ ಹೋಗಲು ಹೇಳಿದ್ದರೆ, ಅದು ನವಿ ಮುಂಬೈಯಲ್ಲಿದೆ, ಹಾರ್ಬರ್ ಲೈನ್ ಹಿಡಿಯಬೇಕು ಎಂದು ಹೇಳಿ, ಸಾಧ್ಯವಾದರೆ ಮೊದಲ ಸಲ ಜೊತೆಗೆ ಹೋಗುವುದು. ದಾದರ್‌ನಲ್ಲಿ ಸಂತ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ, ಟಾಟಾ ಆಸ್ಪತ್ರೆಯ ರೋಗಿಗಳು ಅಲ್ಲಿ ಉಳಿದುಕೊಳ್ಳುತ್ತಾರೆ. ಜಾಗ ಇದೆಯಾ ಎಂದು ಮೊದಲೇ ವಿಚಾರಿಸಿ, ಆಮೇಲೆ ಕಳಿಸಿ. ಸಾಮಾನು ಹೊತ್ತವರನ್ನು ಸುಮ್ನೆ ಅಲೆಸಬೇಡಿ.

ನನ್ನದು ಕರಾವಳಿಯ ಕನ್ನಡ. ಮೊದಲ ದಿನ ಬಾಗಲಕೋಟೆಯ ಅಜ್ಜ ಒಬ್ಬರು, "ನೀವು ಪುಸ್ತಕ ಓದಿದಂಗ ಮಾತಾಡ್ತೀರಲ್ರೀ" ಎಂದು ನಕ್ಕರು. ಒಂದು ವಾರದಿಂದ ಅವರು ನಕ್ಕಿರಲಿಲ್ಲ ಎಂದು ಮಗ ಹೇಳಿದ. ಹಾಗಾಗಿ ಭಾಷೆ ಸರಿ ಬರುವುದಿಲ್ಲ ಎಂದು ಹಿಂಜರಿಯಬೇಡಿ.

ಮಾತು ಬೇಡ, ಗಡಿಬಿಡಿಯ ಕೆಲಸದಲ್ಲಿದ್ದೇನೆ ಎನ್ನುವವರು ಪ್ಲೇಟ್‌ಲೆಟ್ ಕೊಡಬಹುದು. ಪ್ಲೇಟ್‌ಲೆಟ್ ಅಂದರೆ ರಕ್ತ ಸೋರುವುದನ್ನು ನಿಲ್ಲಿಸುವ ಕಣ. ಕೀಮೋ ತೆಗೆದುಕೊಳ್ಳುವವರಲ್ಲಿ ಇದು ಕುಸಿಯುತ್ತದೆ. ಯಂತ್ರ ನಿಮ್ಮ ರಕ್ತದಿಂದ ಇದನ್ನು ಮಾತ್ರ ಬೇರ್ಪಡಿಸಿ ಉಳಿದದ್ದನ್ನು ನಿಮಗೇ ಮರಳಿಸುತ್ತದೆ. ಒಂದರಿಂದ ಒಂದೂವರೆ ಗಂಟೆಯ ಕೆಲಸ. ತೆಗೆದ ಪ್ಲೇಟ್‌ಲೆಟ್ ಸಾಮಾನ್ಯವಾಗಿ 5 ದಿನ ಮಾತ್ರ ಇಡಲು ಬರುತ್ತದೆ. ಆದ್ದರಿಂದ ಆಗಸ್ಟ್ 15ರ ಶಿಬಿರದಲ್ಲಿ ನೂರು ಜನ ಕೊಟ್ಟು ಫೋಟೋ ತೆಗೆಸಿಕೊಂಡರೆ ಆಗಸ್ಟ್ 25ರ ರೋಗಿಗೆ ಅದು ಉಳಿದಿರುವುದಿಲ್ಲ. ವಾರಕ್ಕೆ ಇಬ್ಬರಂತೆ ಸರದಿ ಹಾಕಿಕೊಂಡು ಹೋಗುವ ಸ್ನೇಹಿತರ ಗುಂಪು ಇದಕ್ಕಿಂತ ಉಪಯೋಗ. ಕೊಡುವ ಮೂರು ದಿನ ಮುಂಚೆ ಆಸ್ಪಿರಿನ್ ತೆಗೆದುಕೊಂಡಿರಬಾರದು. ಆದರೆ ಹೃದಯಕ್ಕೆಂದು ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಅನ್ನು ದಾನಕ್ಕಾಗಿ ನಿಲ್ಲಿಸಬೇಡಿ, ನೀವು ಬೇರೆ ಸೇವೆ ಹುಡುಕಿ. ವಯಸ್ಸು, ತೂಕ, ಹಿಮೋಗ್ಲೋಬಿನ್ ಎಲ್ಲ ಅಲ್ಲೇ ನೋಡುತ್ತಾರೆ.

ಪರೇಲ್ ದೂರ ಎನ್ನುವವರಿಗೆ: ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಹತ್ತಿರದಲ್ಲಿದ್ದರೆ ಹೆಡ್‌ಮಾಸ್ತರರನ್ನು ಕಂಡು, ವಾರಕ್ಕೊಂದು ದಿನ ಲೆಕ್ಕ ಹೇಳಿಕೊಡಲೇ ಎಂದು ಕೇಳಿ.

6. ಸೇವೆಯಲ್ಲಿ ಆಗುವ ತಪ್ಪುಗಳು

ಔಷಧಿಯ ಬಗ್ಗೆ ಬಾಯಿ ಬಿಡಬೇಡಿ. "ನಮ್ಮೂರಿನಲ್ಲಿ ಒಂದು ಬೇರು ಕೊಡ್ತಾರೆ" ಎಂಬ ಮಾತು ಅಲ್ಲಿ ಜೀವ ತೆಗೆಯಬಹುದು. "ಎಲ್ಲ ಗುಣ ಆಗುತ್ತದೆ" ಎಂದು ಭರವಸೆ ಕೊಡುವುದು ನಿಮ್ಮ ಕೆಲಸ ಅಲ್ಲ. ಯಾವ ಸರ್ಕಾರಿ ಯೋಜನೆ ಸಿಗುತ್ತದೆ, ಸಿಗುವುದಿಲ್ಲ ಎಂದು ನೀವು ತೀರ್ಪು ಕೊಡಬೇಡಿ. ಇರುವ ಕಾರ್ಡುಗಳನ್ನೆಲ್ಲ ಸೋಷಿಯಲ್ ವರ್ಕರ್‌ಗೆ ತೋರಿಸಲು ಹೇಳಿ. ಫೋಟೋ ಬೇಡ. ಬಿಸ್ಕತ್ತು, ಬಾಳೆಹಣ್ಣು ತರುವವರು ಜಾಸ್ತಿ, ಕ್ಯೂನಲ್ಲಿ ನಿಲ್ಲುವವರು ಕಡಿಮೆ. ಕೀಮೋ ನಡೆಯುವವರಿಗೆ ಹೊರಗಿನ ತಿಂಡಿ ಆಗದಿರಬಹುದು, ಕೇಳದೆ ಕೊಡಬೇಡಿ. ರೋಗಿಯ ಕಡೆಯವರು ದುಡ್ಡು ಇಟ್ಟುಕೊಳ್ಳಿ ಎಂದು ಕೊಟ್ಟರೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಇನ್ನೊಂದು ತಪ್ಪು ಯಾರ ಕಣ್ಣಿಗೂ ಕಾಣುವುದಿಲ್ಲ. ಆರು ತಿಂಗಳು ಸೇವೆ ಮಾಡಿದ ಮೇಲೆ ಮನಸ್ಸು ಮೆಲ್ಲಗೆ ಕೇಳುತ್ತದೆ: "ನಾನು ಇಷ್ಟು ಮಾಡಿದೆ, ಅವನಿಗೆ ಇನ್ನೂ ಏನೂ ಆಗಿಲ್ಲವಲ್ಲ?" ಧರ್ಮರಾಯ ವ್ಯಾಪಾರ ಎಂದದ್ದು ಇದನ್ನೇ. ಬಾಗಲಕೋಟೆಯ ಅಜ್ಜನ ಜೆರಾಕ್ಸ್‌ಗೂ ನನ್ನ ಡಿಪಾಸಿಟ್‌ಗೂ ಏನು ಸಂಬಂಧ? ದೇವರಿಗೆ ಲಂಚ ಕೊಟ್ಟು ಕೇಸು ಬೇಗ ಮುಗಿಸುವುದಾದರೆ, ನನಗೆ ಮೋಸ ಮಾಡಿದವರಿಗೂ ನನಗೂ ವ್ಯತ್ಯಾಸ ಏನುಳಿಯಿತು? ಈ ಯೋಚನೆ ಬಂದಾಗ ಸೇವೆ ಬಿಡಬೇಡಿ. ಯೋಚನೆಯನ್ನು ನೋಟ್‌ಬುಕ್‌ನಲ್ಲಿ 'ಹೊ' ಗುರುತು ಹಾಕಿ ಬರೆದು, ಮುಂದಿನ ಶನಿವಾರವೂ ರೈಲು ಹಿಡಿಯಿರಿ. ನನ್ನ ಪುಸ್ತಕದಲ್ಲಿ ಇದೇ ಸಾಲು ಹನ್ನೊಂದು ಸಲ ಇದೆ.

7. ಅವರೇ ಎದುರು ಸಿಕ್ಕರೆ

ಮುಂಬೈಯ ಕನ್ನಡಿಗರ ಲೋಕ ಚಿಕ್ಕದು. ಮದುವೆ ಹಾಲ್‌ನಲ್ಲಿ, ಯಕ್ಷಗಾನದಲ್ಲಿ, ಗಣಪತಿ ಪೆಂಡಾಲ್‌ನಲ್ಲಿ ಎಲ್ಲಾದರೂ ಸಿಕ್ಕೇ ಸಿಗುತ್ತಾರೆ. ಅವರು ವೇದಿಕೆಯ ಮೇಲೆ ಶಾಲು ಹೊದ್ದು ಕೂತಿರಲೂಬಹುದು. ಎದ್ದು ಹೋಗಬೇಕಾಗಿಲ್ಲ, ಹಲ್ಲು ಕಿರಿಯಬೇಕಾಗಿಯೂ ಇಲ್ಲ. ಮಾತಾಡಿಸಿದರೆ "ಊಟ ಆಯ್ತಾ?" ಎನ್ನಿ. ಊಟಕ್ಕೆ ಬೇರೆ ಸಾಲಿನಲ್ಲಿ ಕೂರಿ. ಕ್ಷಮಿಸಿದ್ದೇನೆ ಎಂದು ಹೇಳಲೇಬೇಕು ಎಂಬ ಒತ್ತಾಯ ನಿಮ್ಮ ಮೇಲೆ ನೀವೇ ಹಾಕಿಕೊಳ್ಳಬೇಡಿ. ಅದು ಬರುವಾಗ ಬರುತ್ತದೆ, ನನಗಂತೂ ಇನ್ನೂ ಪೂರ್ತಿ ಬಂದಿಲ್ಲ. ದುಡ್ಡಿನ ಮಾತನ್ನು ಮಾತ್ರ ಅಲ್ಲಿ ತೆಗೆಯಬೇಡಿ. ಕೇಸು ನಡೆಯುತ್ತಿದ್ದರೆ ನಿಮ್ಮ ವಕೀಲರೂ ಅದನ್ನೇ ಹೇಳುತ್ತಾರೆ.